ಆಫ್ ಮಾಡಿ ಆನ್ ಮಾಡುವ ಕ್ರಮದ ಹಿನ್ನೆಲೆ

ಮನೆಯ ಇಂಟರ್‌ನೆಟ್ ನಿಂತಾಗ ರೂಟರನ್ನು ಆಫ್ ಮಾಡಿ ಆನ್ ಮಾಡಿರೆಂಬ ಸಲಹೆಯನ್ನು ಗ್ರಾಹಕ ಸೇವೆಯವರ ಕಾಲಹರಣದ ಮಾತೆಂದು ಹಲವರು ಭಾವಿಸುವುದುಂಟಾದರೂ, ಅದರ ಬೇರು ಇಂಟರ್‌ನೆಟ್‌ನ ಪೂರ್ವರೂಪವಾದ ಅರ್ಪಾನೆಟ್‌ನಷ್ಟೇ ಹಳೆಯದು. ಆ ಜಾಲದಲ್ಲಿ ಸಂದೇಶಗಳಿಗೆ ದಾರಿ ತೋರುತ್ತಿದ್ದುದು ಐಎಂಪಿ ಎಂಬ ಯಂತ್ರ. ಅಮೆರಿಕದ ಬಿಬಿಎನ್ ಸಂಸ್ಥೆಯು ಹನಿವೆಲ್ 516 ಗಣಕವನ್ನು ಮಾರ್ಪಡಿಸಿ ರೂಪಿಸಿದ ಇದರ ಮೊದಲ ಪ್ರತಿಯು 1969ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಥಾಪನೆಯಾಯಿತು. ಪಕ್ಕದಲ್ಲಿ ತಜ್ಞರಿಲ್ಲದೆ ಹಗಲಿರುಳು ನಡೆಯಬೇಕಾದ ಯಂತ್ರವಾದ್ದರಿಂದ, ವಿದ್ಯುತ್ ಹೋಗಿ ಬಂದರೆ ತಾನಾಗಿಯೇ ಚಾಲೂ ಆಗುವ ಏರ್ಪಾಡನ್ನೂ, ತಂತ್ರಾಂಶವು ಎಲ್ಲಿಯಾದರೂ ಸಿಲುಕಿಕೊಂಡರೆ ಅದನ್ನು ಗುರುತಿಸಿ ಯಂತ್ರವನ್ನು ಮತ್ತೆ ಚಾಲನೆಗೆ ತರುವ 'ವಾಚ್‌ಡಾಗ್ ಟೈಮರ್' ಎಂಬ ಕಾವಲು ಗಡಿಯಾರವನ್ನೂ ಅದರಲ್ಲಿ ಅಳವಡಿಸಲಾಗಿತ್ತು.

ಈ ಕ್ರಮ ಏಕೆ ಫಲಿಸುತ್ತದೆಂಬುದನ್ನು 1985ರಲ್ಲಿ ಟ್ಯಾಂಡೆಮ್ ಸಂಸ್ಥೆಯ ಜಿಮ್ ಗ್ರೇ ವಿವರಿಸಿದರು. ಚೆನ್ನಾಗಿ ಪರೀಕ್ಷೆಗೊಳಗಾದ ತಂತ್ರಾಂಶದಲ್ಲಿ ಉಳಿದುಕೊಳ್ಳುವ ದೋಷಗಳಲ್ಲಿ ಹೆಚ್ಚಿನವು ಅಪರೂಪದ ಸನ್ನಿವೇಶಗಳು ಕೂಡಿಬಂದಾಗ ಮಾತ್ರ ತಲೆದೋರುವಂಥವಾದ್ದರಿಂದ, ಶುದ್ಧ ಸ್ಥಿತಿಯಿಂದ ಮತ್ತೆ ಆರಂಭಿಸಿದರೆ ಅವು ಮರುಕಳಿಸುವ ಸಂಭವ ಕಡಿಮೆ ಎಂಬುದು ಅವರ ವಾದದ ತಿರುಳು. 1995ರಲ್ಲಿ ಬೆಲ್ ಪ್ರಯೋಗಾಲಯದ ಸಂಶೋಧಕರು ಒಂದು ಹೆಜ್ಜೆ ಮುಂದೆ ಹೋಗಿ, ಬಹುಕಾಲ ನಡೆದ ತಂತ್ರಾಂಶಕ್ಕೆ ಮುಪ್ಪು ಅಡರುವುದರಿಂದ ಅದು ಕೆಡುವ ಮೊದಲೇ ನಿಲ್ಲಿಸಿ ಆರಂಭಿಸಬೇಕೆಂದು ಪ್ರತಿಪಾದಿಸಿದರು.

ಮನೆಯ ರೂಟರ್ ಇದಕ್ಕೆ ಸ್ಪಷ್ಟ ನಿದರ್ಶನ. ಮನೆಯ ಹಲವು ಫೋನು, ಟಿವಿಗಳು ಹೊರಜಗತ್ತಿನ ಒಂದೇ ವಿಳಾಸವನ್ನು ಹಂಚಿಕೊಳ್ಳಲು ನೆರವಾಗುವ 'ನ್ಯಾಟ್' ಎಂಬ ವಿಳಾಸ ಪರಿವರ್ತನೆಯು 1994ರಲ್ಲಿ ದಾಖಲೆಯಾಗಿ ಪ್ರಕಟವಾಯಿತು. ಇದಕ್ಕಾಗಿ ರೂಟರ್ ಯಾವ ಸಂಪರ್ಕ ಯಾವ ಸಾಧನದ್ದೆಂಬ ಪಟ್ಟಿಯೊಂದನ್ನು ಸದಾ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಆ ಪಟ್ಟಿ ತುಂಬಿಹೋದರೆ, ಇಲ್ಲವೇ ತಂತ್ರಾಂಶವು ಬಳಸಿದ ಸ್ಮೃತಿಯನ್ನು ಹಿಂದಿರುಗಿಸದೆ ಉಳಿಸಿಕೊಂಡರೆ, ದೀಪಗಳೆಲ್ಲ ಉರಿಯುತ್ತಿದ್ದರೂ ಪುಟ ತೆರೆಯುವುದಿಲ್ಲ. ವಿದ್ಯುತ್ತಿನ ಆಸರೆಯಲ್ಲಿ ಮಾತ್ರ ಉಳಿಯುವ ಈ ಸ್ಮೃತಿ ಕರೆಂಟ್ ತೆಗೆದರೆ ಅಳಿಯುತ್ತದೆ. ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಸ್ವಲ್ಪ ವಿದ್ಯುತ್ ಉಳಿದಿರುವುದರಿಂದಲೇ ಅರ್ಧ ನಿಮಿಷ ಕಾಯಲು ಹೇಳುವುದು. ಆ ಮಾತನ್ನು ಪಾಲಿಸುವುದು ಒಳ್ಳೆಯದು.

ಭಾರತದಲ್ಲಿ 2005ರಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಸೇವೆಯ ಮೂಲಕ ಹರಡಿದ ಎಡಿಎಸ್‌ಎಲ್ ಮೋಡೆಮ್‌ಗಳ ಕಾಲದಲ್ಲಿ ಈ ಕ್ರಮಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. ದೂರವಾಣಿಯ ತಾಮ್ರದ ತಂತಿಯಲ್ಲೇ ದತ್ತಾಂಶ ಸಾಗಿಸುವ ಈ ಮೋಡೆಮ್, ಆನ್ ಆದಾಗ ವಿನಿಮಯ ಕೇಂದ್ರದೊಡನೆ ತಂತಿಯ ಗುಣವನ್ನು ಅಳೆದು, ಪ್ರತಿ ಕಂಪನಾಂಕಪಟ್ಟಿಯೂ ಎಷ್ಟು ಹೊರೆ ಹೊರಬಲ್ಲುದೆಂದು ನಿಶ್ಚಯಿಸಿಕೊಳ್ಳುತ್ತಿತ್ತು. ಮಳೆಗಾಲದಲ್ಲಿ ನೀರಿಳಿದ ಜಾಯಿಂಟ್‌ನಿಂದ ಸದ್ದು ಹೆಚ್ಚಿದ ಗಳಿಗೆಯಲ್ಲಿ ಆದ ಒಪ್ಪಂದ ಕಡಿಮೆ ವೇಗದ್ದಾಗಿದ್ದರೆ, ತಂತಿ ಒಣಗಿದ ಮೇಲೂ ಅದೇ ವೇಗ ಮುಂದುವರಿಯುವ ಸಾಧ್ಯತೆಯಿದ್ದುದರಿಂದ, ಮತ್ತೆ ಅಳೆಯಿಸುವ ಸರಳ ದಾರಿ ಸ್ವಿಚ್ ತೆಗೆದು ಹಾಕುವುದೇ ಆಗಿತ್ತು.

ಆದರೆ ದೋಷ ಪೆಟ್ಟಿಗೆಯ ಒಳಗಿದ್ದರೆ ಮಾತ್ರ ಈ ಚಿಕಿತ್ಸೆ ನಾಟುತ್ತದೆಂಬುದು 1980ರ ಅಕ್ಟೋಬರ್ 27ರಂದು ಅರ್ಪಾನೆಟ್ಟೇ ಗಂಟೆಗಟ್ಟಲೆ ಸ್ತಬ್ಧವಾದಾಗ ಸಾಬೀತಾಯಿತು. ಐಎಂಪಿಗಳು ತಮ್ಮ ಸ್ಥಿತಿಯನ್ನು 0ರಿಂದ 63ರವರೆಗಿನ ಸಂಖ್ಯೆ ಹೊತ್ತ ಸಂದೇಶಗಳಲ್ಲಿ ಸಾರುತ್ತಿದ್ದವು. 63 ಮುಗಿದ ಮೇಲೆ ಮತ್ತೆ 0. ಯಂತ್ರದೋಷದಿಂದ ಬಿಟ್‌ಗಳು ಕಳಚಿ, 44 ಎಂಬ ಸಂಖ್ಯೆಯ ಸಂದೇಶವು 40 ಮತ್ತು 8 ಎಂಬ ರೂಪಗಳನ್ನೂ ತಾಳಿತು. ಚಕ್ರಾಕಾರದ ಎಣಿಕೆಯ ನಿಯಮದಂತೆ 8ಕ್ಕಿಂತ 40, 40ಕ್ಕಿಂತ 44, 44ಕ್ಕಿಂತ ಮತ್ತೆ 8 ಹೊಸದೆನಿಸಿದ್ದರಿಂದ ಮೂರೂ ಒಂದನ್ನೊಂದು ಅಟ್ಟುತ್ತ ಜಾಲವನ್ನು ತುಂಬಿಕೊಂಡವು. ಒಂದು ಐಎಂಪಿಯನ್ನು ಮಾತ್ರ ಶುದ್ಧಗೊಳಿಸಿದರೆ ನೆರೆಯ ಯಂತ್ರವು ಅದೇ ಸಂದೇಶವನ್ನು ಮತ್ತೆ ಅಂಟಿಸುತ್ತಿದ್ದುದರಿಂದ, ಆ ಸಂದೇಶಗಳ ಮೂಲವಾದ ಐಎಂಪಿಯಿಂದ ಬರುವುದನ್ನೆಲ್ಲ ಕಡೆಗಣಿಸುವ ತಿದ್ದುಪಡಿಯನ್ನು ಜಾಲದುದ್ದಕ್ಕೂ ಅಳವಡಿಸಬೇಕಾಯಿತು.

ಇಂದಿನ ಫೈಬರ್ ಸಂಪರ್ಕದಲ್ಲಿ ಬೆಳಕಿನ ಸಂಕೇತವನ್ನು ಮನೆಗೆ ತಕ್ಕಂತೆ ಮಾರ್ಪಡಿಸುವ ಓಎನ್‌ಟಿ ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬ ಕೆಂಪು ದೀಪ ಹೊತ್ತಿದರೆ ಬೆಳಕೇ ಒಳಬರುತ್ತಿಲ್ಲವೆಂದರ್ಥ. ಕೇಬಲ್ ಎಲ್ಲೋ ತುಂಡಾಗಿರಬಹುದು, ಇಲ್ಲವೇ ಗೋಡೆಯ ಮೂಲೆಯಲ್ಲಿ ಅತಿಯಾಗಿ ಬಾಗಿರಬಹುದು. ಆಗ ಲೈನ್‌ಮನ್ ಬರಬೇಕೇ ಹೊರತು ಸ್ವಿಚ್ ಒತ್ತಿ ಪ್ರಯೋಜನವಿಲ್ಲ. ಪಿನ್ನಿನಿಂದ ಒತ್ತುವ ರಿಸೆಟ್ ಗುಂಡಿಯನ್ನಂತೂ ಇದರೊಡನೆ ಬೆರೆಸಬಾರದು, ಏಕೆಂದರೆ ಅದು ತಾತ್ಕಾಲಿಕ ಸ್ಮೃತಿಯ ಜೊತೆಗೆ ಸಂಸ್ಥೆಯವರು ಹಾಕಿಕೊಟ್ಟ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳನ್ನೂ ಅಳಿಸಿಬಿಡಬಹುದು.