ನೋವಿಲ್ಲ ಎಂದರೆ ಹೃದಯ ಸರಿ ಇದೆ ಎಂದಲ್ಲ

‘ಎದೆನೋವು ಅಂತ ಒಂದು ದಿನವೂ ಹೇಳಿದವರಲ್ಲ.’ ಮರಣದ ಮನೆಗೆ ಹೋದಾಗ ಈ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ಎಲ್ಲ ಹಠಾತ್ ಸಾವಿಗೂ ಹೃದಯವೇ ಕಾರಣ ಎನ್ನಲಾಗದು. ಆದರೆ ಹೃದಯಕ್ಕೆ ರಕ್ತ ಕಡಿಮೆಯಾಗುತ್ತಿದ್ದರೂ ನೋವೇ ಗೊತ್ತಾಗದ ಸ್ಥಿತಿಯೊಂದಿದೆ. ಡಾಕ್ಟರುಗಳು ಅದಕ್ಕೆ ಸೈಲೆಂಟ್ ಇಸ್ಕೀಮಿಯಾ ಎನ್ನುತ್ತಾರೆ.

ಹೃದಯದ ರಕ್ತನಾಳದೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾದರೆ, ಕೂತಿರುವಾಗ ಹೇಗೋ ರಕ್ತ ಸಾಕಾಗುತ್ತದೆ. ಮೆಟ್ಟಿಲು ಹತ್ತುವಾಗ ಸಾಲುವುದಿಲ್ಲ. ಆಗ ಎದೆ ಹಿಂಡಿದ ಹಾಗೆ ಆಗಬೇಕು. ಕೆಲವರಿಗೆ ಆಗುವುದೇ ಇಲ್ಲ. ವರ್ಷಗಟ್ಟಲೆ ಶುಗರ್ ಇರುವವರಲ್ಲಿ ನರಗಳೇ ಮಂದವಾಗಿರಬಹುದು. ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯದ ಹಾಗೆಯೇ ಇದೂ.

ಅಮೆರಿಕ, ಕೆನಡಾದಲ್ಲಿ ನಡೆದ ‘ಡಯಾಡ್’ ಅಧ್ಯಯನದಲ್ಲಿ ಯಾವ ಲಕ್ಷಣವೂ ಇಲ್ಲದ 522 ಶುಗರ್ ರೋಗಿಗಳನ್ನು ಸ್ಕ್ಯಾನ್ ಮಾಡಿದಾಗ 113 ಮಂದಿಯಲ್ಲಿ ಈ ತೊಂದರೆ ಸಿಕ್ಕಿತು. ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಹಾಗಂತ ಎಲ್ಲರೂ ಆಂಜಿಯೋಗ್ರಾಂಗೆ ಓಡಬೇಕಾಗಿಲ್ಲ. ಸ್ಕ್ಯಾನ್ ಮಾಡಿಸಿಕೊಂಡವರಿಗೂ ಮಾಡಿಸದವರಿಗೂ ಮುಂದೆ ಹೃದಯಾಘಾತದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂದು ಅದೇ ಅಧ್ಯಯನ 2009ರಲ್ಲಿ ಹೇಳಿತು. ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಹಿಡಿತದಲ್ಲಿಡುವುದು, ಬೀಡಿ ಸಿಗರೇಟು ಬಿಡುವುದು ಇಲ್ಲಿ ಮುಖ್ಯ. ನಮ್ಮವರು ಎಡವುವುದೂ ಇಲ್ಲೇ. ‘ಈಗ ಏನೂ ಇಲ್ಲವಲ್ಲ’ ಅಂತ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಗಲ್ಫಿನಲ್ಲಿರುವ ಮಗ ಫೋನಿನಲ್ಲಿ ಕೇಳಿದರೆ ‘ಅಲ್‌ಹಮ್ದುಲಿಲ್ಲಾಹ್, ಆರಾಮ’ ಎಂಬ ಉತ್ತರ!

ಕೂತಲ್ಲಿ ತೆಗೆದ ಇಸಿಜಿ ಸರಿ ಇದ್ದರೂ ಸಮಾಧಾನ ಪೂರ್ತಿಯಲ್ಲ. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ ಬೇಕೇ ಎಂದು ಡಾಕ್ಟರೇ ಹೇಳಬೇಕು. ಅವರಿಗೆ ಶುಗರ್ ಎಷ್ಟು ವರ್ಷದಿಂದ ಇದೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ಪ್ರಾಯದಲ್ಲೇ ಹೃದಯಾಘಾತ ಆಗಿತ್ತೇ ಎಂಬುದನ್ನು ಮುಚ್ಚಿಡದೆ ತಿಳಿಸಿ. ರಂಝಾನಿನಲ್ಲಿ ಮಾತ್ರೆಯ ಹೊತ್ತನ್ನು ನೀವೇ ಬದಲಿಸಬೇಡಿ, ಮೊದಲೇ ಕೇಳಿಕೊಳ್ಳಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಸುಮ್ಮನೆ ಅಲ್ಲ.

ಮನೆಯ ಉಮ್ಮಂದಿರ ಬಗ್ಗೆ ಒಂದು ಮಾತು. ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಏದುಸಿರು, ಅರ್ಧದಲ್ಲಿ ಕೂತುಬಿಡುವ ಸುಸ್ತು ಬಂದರೆ ‘ಪ್ರಾಯವಾಯಿತು’ ಎಂದು ತಾವೇ ತೀರ್ಮಾನಿಸುತ್ತಾರೆ. ಅವರು ಹೇಳುವುದಿಲ್ಲ, ನಾವೇ ಕೇಳಬೇಕು. ಇನ್ನು ಇದ್ದಕ್ಕಿದ್ದಂತೆ ತಣ್ಣಗೆ ಬೆವರು, ಉಸಿರುಕಟ್ಟು, ದವಡೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟವಾದರೆ ಗ್ಯಾಸ್ ಅಂತ ಸೋಡಾ ಕುಡಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.