ಬಿಸಿಲಿಗೂ ಇಣಚಿಗೂ ಒಂದೇ ಉಪಾಯ

ಮಾರ್ಚ್ ಮುಗಿಯುತ್ತ ಬಂದರೆ ವಿಜಯಪುರದ ಇಬ್ರಾಹಿಂಪುರದಲ್ಲಿ ಬೆಳಿಗ್ಗೆ ಹನ್ನೊಂದರ ಮೇಲೆ ಮಾಳಿಗೆಯಲ್ಲಿ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಇಂಥ ಬಿಸಿಲಿನಲ್ಲೂ ರೈಲು ಹಳಿಯ ಆಚೀಚೆಯ ಓಣಿಗಳಲ್ಲಿ ಹಸಿರು ಉಳಿದಿರುತ್ತದೆ. ಕಾಂಪೌಂಡಿನೊಳಗೆ ಒಂದು ನುಗ್ಗೆ, ಒಂದು ಲಿಂಬೆ, ಒಂದು ಕರಿಬೇವು. ಬಾಗಿಲ ಬದಿಗೆ ಮಲ್ಲಿಗೆ ಬಳ್ಳಿ. ಮಾಳಿಗೆಯ ಮೇಲೆ ಬಣ್ಣದ ಹಳೆಯ ಡಬ್ಬಿಗಳಲ್ಲಿ ಟೊಮೆಟೊ, ಬದನೆ, ಮೆಣಸಿನಗಿಡ. ಇವನ್ನು ಸಾಕಿದವರನ್ನು ಮಾತನಾಡಿಸಿದರೆ ಎರಡು ದೂರು ಜೊತೆಯಾಗಿಯೇ ಬರುತ್ತವೆ: ‘ನೀರು ಸಾಲಂಗಿಲ್ರಿ, ಇಣಚಿ ಬಿಡಂಗಿಲ್ರಿ.’

ಹೆಚ್ಚಿನವರು ಈ ಎರಡಕ್ಕೂ ಬೇರೆ ಬೇರೆ ಮದ್ದು ಹುಡುಕುತ್ತಾರೆ. ನೀರಿಗೆ ಟ್ಯಾಂಕರು, ಇಣಚಿಗೆ ಬಲೆ. ಆದರೆ ಒಣನಾಡಿನ ಹಿತ್ತಲಲ್ಲಿ ಇವೆರಡೂ ಒಂದೇ ಸಮಸ್ಯೆಯ ಎರಡು ಮುಖಗಳು. ಗಿಡವನ್ನು ಬಿಸಿಲಿನಿಂದ ಕಾಯುವ ವಿಧಾನಗಳನ್ನು ಸರಿಯಾಗಿ ಮಾಡಿದರೆ ಇಣಚಿಯ ಹಾವಳಿಯೂ ಬಹುಮಟ್ಟಿಗೆ ತಗ್ಗುತ್ತದೆ. ಬಡವರಿಗೂ ಎಟುಕುವ ಈ ದಾರಿ ನಮ್ಮ ಭಾಗದ ರೈತರಿಗೆ ಹೊಸದೇನಲ್ಲ.

ಇಣಚಿ ಯಾಕೆ ಬರುತ್ತದೆ?

ಅಳಿಲನ್ನು ನಮ್ಮ ಕಡೆ ಇಣಚಿ ಎನ್ನುತ್ತೇವೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಬೆನ್ನಿನ ಮೇಲೆ ಮೂರು ಬಿಳಿ ಗೆರೆಯದು. ಉತ್ತರಕ್ಕೆ ಹೋದಂತೆ ಐದು ಗೆರೆಯದು. ಎರಡರ ನಡವಳಿಕೆಯೂ ಹೆಚ್ಚುಕಡಿಮೆ ಒಂದೇ. ಬೆಳಗಿನ ತಂಪಿನಲ್ಲಿ ಮತ್ತು ಸಂಜೆಯ ಇಳಿಬಿಸಿಲಿನಲ್ಲಿ ಓಡಾಟ ಜೋರು, ನಡುಮಧ್ಯಾಹ್ನ ನೆರಳಲ್ಲಿ ವಿಶ್ರಾಂತಿ. ಹಣ್ಣು, ಕಾಳು, ಎಳೆ ಮೊಗ್ಗು, ಹೂವಿನ ಮಕರಂದ, ಹುಳುಹುಪ್ಪಡಿ ಎಲ್ಲವೂ ಅದರ ಆಹಾರ. ನಾರು, ಹತ್ತಿ, ಹುಲ್ಲು, ಬಟ್ಟೆಯ ಚೂರು ಒಯ್ದು ಗೂಡು ಕಟ್ಟುತ್ತದೆ. ಗರ್ಭದ ಅವಧಿ ಐದಾರು ವಾರ ಮಾತ್ರ, ಒಂದು ಸೂಲಿಗೆ ಎರಡು ಮೂರು ಮರಿ. ಹೀಗಾಗಿ ಒಂದನ್ನು ಹಿಡಿದು ದೂರ ಬಿಟ್ಟು ಬಂದರೆ ಆ ಜಾಗಕ್ಕೆ ಇನ್ನೊಂದು ಬರಲು ಹೆಚ್ಚು ದಿನ ಬೇಕಾಗುವುದಿಲ್ಲ.

ಇದರ ಜೊತೆಗೆ ಹಲ್ಲಿನ ವಿಷಯವೂ ಇದೆ. ದಂಶಕ ಪ್ರಾಣಿಗಳೆಲ್ಲದರ ಹಾಗೆ ಇಣಚಿಯ ಮುಂದಿನ ಬಾಚಿಹಲ್ಲುಗಳು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಏನನ್ನಾದರೂ ಕಡಿದು ಅವನ್ನು ಸವೆಸಿಕೊಳ್ಳುವುದು ಅದಕ್ಕೆ ಅನಿವಾರ್ಯ. ಆದ್ದರಿಂದ ಹನಿ ನೀರಾವರಿಯ ಸಣ್ಣ ಪೈಪು, ಪ್ಲಾಸ್ಟಿಕ್ ಬಲೆ, ಡಿಶ್ ಟಿವಿಯ ವೈರು ಯಾವುದೂ ಅದರ ಬಾಯಿಂದ ಪಾರಾಗುವುದಿಲ್ಲ.

ಬೇಸಿಗೆಯಲ್ಲಿ ಸುತ್ತಲಿನ ಹೊಲಗಳು ಖಾಲಿ. ಜೋಳ, ಕಡಲೆ, ಕುಸುಬಿಯ ರಾಶಿ ಮುಗಿದಿದೆ, ಹಳ್ಳಗಳು ಬತ್ತಿವೆ. ಅಂಥ ದಿನಗಳಲ್ಲಿ ನಾವು ನೀರು ಹಾಕುವ ಹತ್ತು ಕುಂಡಗಳು ಆ ಜೀವಕ್ಕೆ ಇಡೀ ಓಣಿಯ ಏಕೈಕ ಹಸಿ ಜಾಗ. ಅದು ಬಲಿಯದ ಟೊಮೆಟೊವನ್ನು ಕಚ್ಚಿ, ಅರ್ಧ ತಿಂದು ಬಿಸಾಡುವುದು ನಮ್ಮ ಹೊಟ್ಟೆ ಉರಿಸುತ್ತದೆ. ಬಿರುಬೇಸಿಗೆಯಲ್ಲಿ ಆ ಕಾಯಿಯ ರಸ ಅದಕ್ಕೆ ನೀರೂ ಹೌದು. ಇದನ್ನು ಅರಿತರೆ ಮೊದಲು ಮಾಡಬೇಕಾದ ಕೆಲಸ ಯಾವುದೆಂದು ತಾನಾಗಿ ಹೊಳೆಯುತ್ತದೆ. ಗಿಡಗಳಿಂದ ದೂರ, ಬೇವಿನ ನೆರಳಲ್ಲೋ ಕಾಂಪೌಂಡಿನ ಮೂಲೆಯಲ್ಲೋ ಮಣ್ಣಿನ ಅಗಲವಾದ ಬಟ್ಟಲಿಟ್ಟು ದಿನವೂ ಬೆಳಗಾಗುವ ಮುನ್ನ ನೀರು ತುಂಬಬೇಕು, ದಿನವೂ ತೊಳೆಯಬೇಕು. ಕಾಳು ಹಾಕಬಾರದು. ನೀರು ಕೊಟ್ಟರೆ ಬಾಯಾರಿಕೆ ತೀರುತ್ತದೆ, ಕಾಳು ಹಾಕಿದರೆ ಸಂತತಿ ಹೆಚ್ಚುತ್ತದೆ.

ನೀರನ್ನು ಬಿಸಿಲಿಗೆ ತೋರಿಸದ ಊರು

ನೀರಿನ ವಿಷಯದಲ್ಲಿ ವಿಜಯಪುರಕ್ಕೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಒಂದನೇ ಅಲಿ ಆದಿಲ್‌ಶಾಹಿಯ ಕಾಲದ ಚಾಂದ್ ಬಾವಡಿ, ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಕಾಲದ ತಾಜ್ ಬಾವಡಿ, 1651ರಲ್ಲಿ ಮಹಮ್ಮದ್ ಆದಿಲ್‌ಶಾಹಿ ಕಟ್ಟಿಸಿದ ಬೇಗಂ ತಲಾಬ್ ಇಂದಿಗೂ ಕಣ್ಣ ಮುಂದಿವೆ. ತೊರವಿಯ ಕಡೆಯಿಂದ ಊರಿಗೆ ನೀರು ಬರುತ್ತಿದ್ದುದು ನೆಲದೊಳಗಿನ ಸುರಂಗದಲ್ಲಿ. ಬೇಗಂ ತಲಾಬಿನ ನೀರು ಬರುತ್ತಿದ್ದುದು ಆಳದಲ್ಲಿ ಹೂತ ಮಣ್ಣಿನ ಕೊಳವೆಗಳಲ್ಲಿ. ಒತ್ತಡ ತಗ್ಗಿಸಲು ನಡುನಡುವೆ ಕಟ್ಟಿದ ಗಂಜ್ ಎಂಬ ಕಲ್ಲಿನ ಗೋಪುರಗಳು ಊರಿನ ಅಲ್ಲಲ್ಲಿ ಈಗಲೂ ನಿಂತಿವೆ. ಇವೆಲ್ಲದರ ಹಿಂದಿನ ತತ್ವ ಒಂದೇ: ಒಣನಾಡಿನಲ್ಲಿ ನೀರು ಆದಷ್ಟು ನೆಲದೊಳಗೇ ಸಾಗಬೇಕು, ನೆಲದೊಳಗೇ ನಿಲ್ಲಬೇಕು.

ಹಿತ್ತಲಿಗೂ ಅದೇ ತತ್ವ ಸಲ್ಲುತ್ತದೆ. ಹನಿ ನೀರಾವರಿಯ ಪೈಪನ್ನು ಮಣ್ಣಿನ ಮೇಲೆ ಎಳೆದು ಬಿಡುವ ಬದಲು ನಾಲ್ಕು ಬೆರಳು ಆಳಕ್ಕೆ ಹೂತು ಮೇಲೆ ಒಣಹುಲ್ಲು ಹರಡಿ. ಬಿಸಿಲಿಗೆ ಪೈಪು ಸೀಳುವುದು ತಪ್ಪುತ್ತದೆ, ನೀರು ಆವಿಯಾಗುವುದು ತಗ್ಗುತ್ತದೆ, ಇಣಚಿಯ ಹಲ್ಲಿಗೂ ಅದು ಸುಲಭವಾಗಿ ಸಿಗುವುದಿಲ್ಲ.

ಹನಿ ನೀರಾವರಿಯ ಖರ್ಚು ಬೇಡವೆನ್ನುವವರಿಗೆ ಗಡಿಗೆ ನೀರಾವರಿ ಇದೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಕೃಷಿ ಗ್ರಂಥದಲ್ಲೇ ಇದರ ವಿವರಣೆ ಸಿಗುತ್ತದೆ. ಬಣ್ಣ ಬಳಿಯದ, ಮೆರುಗು ಹಚ್ಚದ ಐದಾರು ಲೀಟರಿನ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಮೇಲೆ ಮುಚ್ಚಳ ಇಡಬೇಕು. ಸುತ್ತಲೂ ಒಂದು ಗೇಣಿನೊಳಗೆ ಬದನೆ, ಹಿರೇಕಾಯಿ, ಟೊಮೆಟೊ ನೆಡಬಹುದು. ಮಣ್ಣು ಒಣಗಿದಂತೆಲ್ಲ ಗಡಿಗೆಯ ಗೋಡೆಯಿಂದ ನೀರು ಜಿನುಗುತ್ತದೆ, ಮಣ್ಣು ಹಸಿಯಾಗಿದ್ದರೆ ಜಿನುಗು ನಿಧಾನವಾಗುತ್ತದೆ. ನೆಲದ ಮೇಲ್ಭಾಗ ಒಣಗಿಯೇ ಇರುವುದರಿಂದ ಕಸ ಕಡಿಮೆ, ಹಸಿ ಮಣ್ಣು ಕೆದಕಲು ಬರುವ ಇಣಚಿಗೂ ಆಸೆ ಕಡಿಮೆ. ಕೊಳವೆಬಾವಿಯ ಸವಳು ನೀರು ಬಳಸುವವರು ಆಗಾಗ ಗಡಿಗೆ ತೆಗೆದು ನಾರಿನಿಂದ ಉಜ್ಜಬೇಕು. ಇಲ್ಲವಾದರೆ ಸುಣ್ಣದಂಶ ಕಟ್ಟಿ ರಂಧ್ರಗಳು ಮುಚ್ಚುತ್ತವೆ.

ಮಳೆನೀರಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. ವಿಜಯಪುರಕ್ಕೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550ರಿಂದ 600 ಮಿಲಿಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 50 ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಸೋರಿ, ಆವಿಯಾಗಿ ಐದರಲ್ಲಿ ಒಂದು ಪಾಲು ಹೋದರೂ 40 ಸಾವಿರ ಲೀಟರ್ ಉಳಿಯುತ್ತದೆ. ಮಳೆನೀರಿನಲ್ಲಿ ಸವಳಿಲ್ಲ, ಕುಂಡದ ಮಣ್ಣಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಸಂಗ್ರಹಿಸಿದ ಡ್ರಮ್ಮು, ತೊಟ್ಟಿಗಳಿಗೆ ಮುಚ್ಚಳ ಬೇಕೇ ಬೇಕು. ತೆರೆದಿಡಲೇಬೇಕಾದ ತೊಟ್ಟಿಯಲ್ಲಿ ಒಂದು ಒರಟು ಕಟ್ಟಿಗೆಯನ್ನು ಓರೆಯಾಗಿ ಇಳಿಬಿಡಿ. ಬಾಯಾರಿ ಬಂದು ಬಿದ್ದ ಇಣಚಿ, ಗುಬ್ಬಿ ಅದನ್ನು ಹಿಡಿದು ಮೇಲೆ ಬರುತ್ತವೆ.

ಎರೆಮಣ್ಣಿನ ಗುಣ

ಇಲ್ಲಿನ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬಿರುಕಿನ ಮೂಲಕ ಆಳದ ತೇವವೂ ಹಾರಿಹೋಗುತ್ತದೆ. 1930ರ ದಶಕದಲ್ಲಿ ಸೊಲ್ಲಾಪುರ, ರೋಹ್ತಕ್, ಹಗರಿ, ರಾಯಚೂರುಗಳ ಜೊತೆಗೆ ವಿಜಯಪುರದಲ್ಲೂ ಒಣಬೇಸಾಯದ ಸಂಶೋಧನೆ ಶುರುವಾಯಿತು. ಬದು ಹಾಕಿ ಮಳೆ ನಿಲ್ಲಿಸುವುದು, ಚೌಕುಮಡಿ ಕಟ್ಟುವುದು, ಎಡೆಕುಂಟಿ ಹೊಡೆದು ಬಿರುಕು ಮುಚ್ಚುವುದು ಈ ಭಾಗದ ಹಿಂಗಾರಿ ಜೋಳವನ್ನು ಕಾಪಾಡಿದ ಕ್ರಮಗಳು.

ಅವನ್ನೇ ಹಿತ್ತಲಿಗೆ ಇಳಿಸಬಹುದು. ಮೂರು ನಾಲ್ಕು ಅಡಿಯ ಚೌಕು ಮಡಿ ಮಾಡಿ ಸುತ್ತ ಗೇಣೆತ್ತರದ ಏರಿ ಕಟ್ಟಿದರೆ ಬಿದ್ದ ಮಳೆ ಅಲ್ಲೇ ಇಂಗುತ್ತದೆ. ವಾರಕ್ಕೊಮ್ಮೆ ಕುರ್ಪಿಯಿಂದ ಮೇಲ್ಮಣ್ಣು ಸಡಿಲಿಸಿದರೆ ಬಿರುಕು ಮುಚ್ಚುತ್ತದೆ. ಕುಂಡಕ್ಕೆ ಬರೀ ಎರೆಮಣ್ಣು ತುಂಬಿದರೆ ಬೇರಿಗೆ ಉಸಿರಾಡಲು ಜಾಗವಿಲ್ಲ. ಅದಕ್ಕೆ ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮನಾಗಿ ಬೆರೆಸಬೇಕು. ಮೇಲೆ ಎರಡು ಮೂರು ಬೆರಳು ದಪ್ಪ ಮುಚ್ಚಿಗೆ ಹರಡಬೇಕು. ತೊಗರಿಯ ಹೊಟ್ಟು, ಕಬ್ಬಿನ ರವದಿ, ಬೇವಿನ ಒಣ ಎಲೆ ಯಾವುದಾದರೂ ನಡೆಯುತ್ತದೆ.

ಹೊಸದಾಗಿ ಬೀಜ ಬಿತ್ತಿದ ಮಡಿಗೆ ಇನ್ನೊಂದು ಪದರ ಬೇಕು. ಶೇಂಗಾ, ಅವರೆ, ಸೂರ್ಯಕಾಂತಿಯ ಬೀಜವನ್ನು ಇಣಚಿ ಮೊಳಕೆಯೊಡೆಯುವ ಮುನ್ನವೇ ಕೆದರಿ ತಿನ್ನುತ್ತದೆ. ಮುಚ್ಚಿಗೆಯ ಮೇಲೆ ಒಣಗಿದ ಜಾಲಿಮುಳ್ಳಿನ ಟೊಂಗೆ ಹೊದಿಸಿದರೆ ಕಾಲಿಡಲು ಹಿಂಜರಿಯುತ್ತದೆ. ಸಸಿ ಗೇಣುದ್ದ ಬೆಳೆದ ಮೇಲೆ ಮುಳ್ಳು ತೆಗೆಯಬಹುದು. ಅಲ್ಲಿಯವರೆಗೆ ಅದೇ ಟೊಂಗೆ ಎಳೆಸಸಿಗೆ ಸ್ವಲ್ಪ ನೆರಳನ್ನೂ ಕೊಡುತ್ತದೆ.

ಕಾಯಿಗೆ ಉಡುಪು

ತಿಕೋಟಾ, ಬಬಲೇಶ್ವರದ ಕಡೆ ಹೋದರೆ ದ್ರಾಕ್ಷಿ ತೋಟಗಳ ಮೇಲೆ ಹಕ್ಕಿಗಾಗಿ ಬಲೆ, ದಾಳಿಂಬೆ ಗಿಡಗಳ ಮೇಲೆ ಬಿಸಿಲಿಗಾಗಿ ಹೊದಿಕೆ ಕಾಣುತ್ತದೆ. ಕೆಲವರು ಹಳೆಯ ಸೀರೆಯನ್ನೇ ಹೊದಿಸುತ್ತಾರೆ. ಸುಡುಬಿಸಿಲು ನೇರವಾಗಿ ಬಡಿದರೆ ದಾಳಿಂಬೆಯ ಸಿಪ್ಪೆ ಕಂದುಗಟ್ಟಿ ಬಿರಿಯುತ್ತದೆ, ಟೊಮೆಟೊದ ಭುಜ ಬಿಳಚಿ ಕೊಳೆಯುತ್ತದೆ. ಬಿರಿದ ಹಣ್ಣಿನ ವಾಸನೆಗೇ ಇಣಚಿ ಮೊದಲು ಓಡಿಬರುತ್ತದೆ.

ಮನೆಯಲ್ಲೂ ಹೀಗೇ ಮಾಡಬಹುದು. ದಾಳಿಂಬೆ, ಪೇರಲ, ಚಿಕ್ಕು ಗಿಡದ ಕಾಯಿ ಲಿಂಬೆಗಾತ್ರ ಆಗುತ್ತಲೇ ತೆಳುವಾದ ಹತ್ತಿ ಬಟ್ಟೆಯ ಚೀಲ ಹೊಲಿದು ತೊಟ್ಟಿಗೆ ಕಟ್ಟಿ. ಗಾಳಿ ಆಡುತ್ತದೆ, ಬಿಸಿಲು ನೇರ ತಾಕುವುದಿಲ್ಲ, ಹಣ್ಣುನೊಣವೂ ಮೊಟ್ಟೆ ಇಡಲಾರದು. ಹಟ ಹಿಡಿದ ಇಣಚಿ ಬಟ್ಟೆ ಹರಿಯಬಹುದು. ಅಂಥ ಕಡೆ ಬಟ್ಟೆಯ ಮೇಲೆ ಸಣ್ಣ ಕಣ್ಣಿನ ತಂತಿ ಜಾಳಿಗೆಯನ್ನು ಸುತ್ತಿದರೆ ಸಾಕು. ಟೊಮೆಟೊವನ್ನು ಪೂರ್ತಿ ಕೆಂಪಾಗುವ ತನಕ ಗಿಡದಲ್ಲೇ ಬಿಡಬೇಕಿಲ್ಲ. ಬಣ್ಣ ತಿರುಗಿದಾಗ ಕಿತ್ತು ಅಡಿಗೆಮನೆಯ ನೆರಳಲ್ಲಿ ಇಟ್ಟರೆ ಅಲ್ಲೇ ಹಣ್ಣಾಗುತ್ತದೆ.

ಮಾಳಿಗೆಯ ಕುಂಡಗಳಿಗೆ ಅರ್ಧ ಬಿಸಿಲು ತಡೆಯುವ ನೆರಳು ಪರದೆ ಎಂಟು ಅಡಿ ಎತ್ತರಕ್ಕೆ ಕಟ್ಟಿ, ಬದಿಗೆ ಅರ್ಧ ಇಂಚು ಕಣ್ಣಿನ ಕಬ್ಬಿಣದ ಜಾಳಿಗೆ ಹಾಕಿದರೆ ಒಂದೇ ಚೌಕಟ್ಟು ಎರಡು ಕೆಲಸ ಮಾಡುತ್ತದೆ. ಸಡಿಲವಾದ ನೈಲಾನ್ ಬಲೆ ಬೇಡ. ಇಣಚಿ ಅದನ್ನು ಕಡಿಯುತ್ತದೆ, ಹಕ್ಕಿ ಮತ್ತು ಹಾವು ಅದರಲ್ಲಿ ಸಿಕ್ಕಿ ಒದ್ದಾಡಿ ಸಾಯುತ್ತವೆ. ತೆಂಗಿನ ಮರವಿದ್ದರೆ ಆಳೆತ್ತರದ ಮೇಲೆ ಕಾಂಡಕ್ಕೆ ತಗಡು ಸುತ್ತಿ, ಗೋಡೆಗೆ ತಾಗುವ ಗರಿಗಳನ್ನು ಸವರಿ. ಜಿಗಿಯಲು ಆಸರೆಯಿಲ್ಲದಿದ್ದರೆ ಹತ್ತುವುದು ಕಷ್ಟ.

ಮೆಣಸಿನಕಾಯಿಯ ನೀರು ಚಿಮುಕಿಸುವುದನ್ನು ಹಲವರು ಮಾಡುತ್ತಾರೆ. ಖಾರ ಇಣಚಿಯ ಬಾಯಿಗೆ ಉರಿಯುತ್ತದೆ, ಹಕ್ಕಿಗಳಿಗೆ ಅದರ ಅರಿವೇ ಆಗುವುದಿಲ್ಲ. ಒಂದು ಮಳೆಗೆ ತೊಳೆದುಹೋಗುವುದರಿಂದ ಮತ್ತೆ ಮತ್ತೆ ಸಿಂಪಡಿಸಬೇಕು. ಹೊಳೆಯುವ ಪಟ್ಟಿ, ಡಬ್ಬಿಯ ಸದ್ದಿಗೆ ಇಣಚಿ ಕೆಲವೇ ದಿನದಲ್ಲಿ ಒಗ್ಗಿಕೊಳ್ಳುತ್ತದೆ. ವಿಷ ಮತ್ತು ಅಂಟಿನ ಹಲಗೆಯನ್ನಂತೂ ಮನೆಯೊಳಗೆ ತರಲೇಬಾರದು. ವಿಷ ತಿಂದ ಪ್ರಾಣಿಯನ್ನು ತಿಂದ ಬೆಕ್ಕು, ಗೂಬೆಗಳೂ ಸಾಯುತ್ತವೆ. ಅಂಟಿಗೆ ಸಿಕ್ಕ ಜೀವ ಗಂಟೆಗಟ್ಟಲೆ ನರಳುತ್ತದೆ. ಒಂದು ಬುಟ್ಟಿ ಟೊಮೆಟೊಕ್ಕಾಗಿ ಇಂಥ ಪಾಪ ಕಟ್ಟಿಕೊಳ್ಳುವುದು ನಮ್ಮ ಮನೆತನಗಳ ಸಂಸ್ಕಾರವಲ್ಲ.

ಕಾಲ ನೋಡಿ ಬಿತ್ತು

ಬಹುತೇಕ ಹಿತ್ತಲುಗಳು ಸೋಲುವುದು ಕಾಲ ತಪ್ಪಿ ಶುರುಮಾಡುವುದರಿಂದ. ಶಾಲೆಗೆ ರಜೆ ಬಂತೆಂದು ಏಪ್ರಿಲ್‌ನಲ್ಲಿ ಎಳೆ ಸಸಿ ನೆಟ್ಟರೆ ಬಿಸಿಲು ಮತ್ತು ಇಣಚಿ ಎರಡೂ ಅದರ ಮೇಲೆ ಒಟ್ಟಿಗೆ ಬೀಳುತ್ತವೆ. ನಮ್ಮ ಎರೆನಾಡಿನಲ್ಲಿ ತರಕಾರಿಗೆ ಒಳ್ಳೆಯ ಕಾಲ ಹಿಂಗಾರಿ. ಸೆಪ್ಟೆಂಬರ್ ಮಳೆಯಲ್ಲಿ ನೆಲ ನೆನೆದ ಮೇಲೆ ಬದನೆ, ಟೊಮೆಟೊ, ಮೆಂತೆ, ಸಬ್ಬಸಿಗೆ, ರಾಜಗಿರಿ ಹಾಕಿದರೆ ಫೆಬ್ರುವರಿಯ ತನಕ ಫಸಲು. ಆ ದಿನಗಳಲ್ಲಿ ಹೊಲದ ತುಂಬ ಕಾಳುಕಡಿ ಇರುವುದರಿಂದ ಇಣಚಿಗೂ ಬೇರೆ ಕಡೆ ಹೊಟ್ಟೆ ತುಂಬುತ್ತದೆ. ಮಿರಗದ ಮಳೆಗೆ ಚವಳಿಕಾಯಿ, ಹಿರೇಕಾಯಿ, ಪುಂಡಿಪಲ್ಲೆ ಹಾಕಬಹುದು.

ಬೇಸಿಗೆಯಲ್ಲಿ ಹೊಸ ತರಕಾರಿ ಬೇಡ. ಬೇರು ಆಳಕ್ಕಿಳಿದ ನುಗ್ಗೆ, ಲಿಂಬೆ, ಕರಿಬೇವನ್ನು ಉಳಿಸಿಕೊಂಡರೆ ಆ ನಾಲ್ಕು ತಿಂಗಳ ಕೆಲಸ ಸಾರ್ಥಕ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿರುವ ಜಿಲ್ಲೆ ನಮ್ಮದು; ಈ ಬಿಸಿಲನ್ನು ತಾಳುವ ಗಿಡ ಹುಡುಕಲು ದೂರ ಹೋಗಬೇಕಿಲ್ಲ. ಹುಳಿ ಕಾಯಿ, ಘಾಟು ವಾಸನೆಯ ಎಲೆಗಳ ಕಡೆಗೆ ಇಣಚಿಯ ಒಲವೂ ಕಡಿಮೆ.

ಓಣಿಗೊಂದು ಮರ

ಇಣಚಿ ಮನುಷ್ಯನ ತೋಟದ ಜೊತೆಗೇ ಬದುಕುವ ಪ್ರಾಣಿ. ಆಸ್ಟ್ರೇಲಿಯಾದ ಪರ್ತ್ ನಗರದ ಮೃಗಾಲಯದಿಂದ 1898ರಲ್ಲಿ ಹೊರಬಿದ್ದ ಐದು ಗೆರೆಯ ಇಣಚಿಗಳ ಸಂತತಿ ಅಲ್ಲಿನ ಬಡಾವಣೆಗಳಲ್ಲಿ ಇಂದಿಗೂ ನೆಲೆಸಿದೆ. ಪರನಾಡಿನ ನೆಲದಲ್ಲೇ ಅದು ಹೀಗೆ ಬೇರುಬಿಟ್ಟಿರುವಾಗ ತನ್ನದೇ ನಾಡಾದ ಇಬ್ರಾಹಿಂಪುರದಿಂದ ಅದನ್ನು ಓಡಿಸುತ್ತೇವೆ ಎಂಬುದು ಆಗದ ಮಾತು. ಓಡಿಸಬೇಕಾದ ಅಗತ್ಯವೂ ಇಲ್ಲ. ಗಿಡದ ಹುಳುಗಳನ್ನು ಹೆಕ್ಕಿ ತಿನ್ನುವುದು ಅದೇ. ಹೂವಿನಿಂದ ಹೂವಿಗೆ ಪರಾಗ ಒಯ್ಯುವುದರಲ್ಲೂ ಅದರ ಪಾಲಿದೆ.

ನಮ್ಮ ಕೈಯಲ್ಲಿರುವುದು ಅದಕ್ಕೆ ಬೇರೊಂದು ಅಂಗಳ ಕೊಡುವುದು. ವಿಜಯಪುರದಲ್ಲಿ ಇತ್ತೀಚಿನ ವರ್ಷಗಳಲ್ಲಿ ನಡೆದ ಕೋಟಿ ವೃಕ್ಷ ಅಭಿಯಾನ ಮರಗಳ ಬಗ್ಗೆ ಊರಲ್ಲಿ ಮಾತು ಹುಟ್ಟಿಸಿತು. ಆ ಮಾತು ಓಣಿಯ ಮಟ್ಟಕ್ಕೆ ಇಳಿಯಬೇಕು. ಖಾಲಿ ಬಿದ್ದ ಮೂಲೆಯಲ್ಲಿ, ದೇವಸ್ಥಾನ, ದರ್ಗಾ, ಶಾಲೆಯ ಆವರಣದಲ್ಲಿ ಬೇವು, ಹುಣಸೆ, ಬಾರೆ, ಬಸರಿ, ಹೊಂಗೆಯ ಸಸಿ ನೆಟ್ಟು, ಒಂದೊಂದರ ಬುಡಕ್ಕೆ ಎರಡು ಗಡಿಗೆ ಹೂತರೆ ಮೊದಲ ಎರಡು ಬೇಸಿಗೆ ದಾಟುತ್ತದೆ. ಆಮೇಲೆ ಅದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಆ ಮರ ಫಲ ಬಿಡುವ ಹೊತ್ತಿಗೆ ಇಣಚಿಗೆ ನಮ್ಮ ಮಾಳಿಗೆಯ ಹೊರತಾಗಿ ಇನ್ನೊಂದು ತಾಣವಿರುತ್ತದೆ, ನಮಗೂ ಓಣಿಯ ತುಂಬ ನೆರಳಿರುತ್ತದೆ. ಈ ಮುಂಗಾರಿಗೆ ನಾಲ್ಕು ಮನೆಯವರು ಸೇರಿ ಒಂದು ಸಸಿಯ ಹೊಣೆ ಹೊತ್ತರೂ ಸಾಕು, ಕೆಲಸ ಶುರುವಾದಂತೆಯೇ.