ಹವಾಗುಣದ ಮಾರ್ಪಾಡೂ ಉಡುಪಿ ಸೀಮೆಯ ಕಟ್ಟಗಳೂ

ಉಡುಪಿ ಜಿಲ್ಲೆಯಲ್ಲಿ ವರ್ಷವೊಂದಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುವುದಷ್ಟೆ. ಇಂಥ ಸೀಮೆಯಲ್ಲಿ ನೀರಿಗೆ ಬರವೆಂದರೆ ಘಟ್ಟದ ಮೇಲಿನವರು ನಕ್ಕಾರು. ಆದರೆ 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ಉಡುಪಿ ಮಣಿಪಾಲಗಳ ನಿವಾಸಿಗಳು ಕುಡಿಯುವ ನೀರಿಗೆ ಟ್ಯಾಂಕರುಗಳನ್ನು ಕಾಯಬೇಕಾಯಿತು. 2020ರ ಸೆಪ್ಟೆಂಬರ್ 20ರಂದು ಅದೇ ಉಡುಪಿಯಲ್ಲಿ ನೆರೆಯೇರಿ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಹದಿನಾರು ತಿಂಗಳ ಅಂತರದಲ್ಲಿ ಒಂದೇ ಊರು ಎರಡು ವಿಪತ್ತುಗಳನ್ನೂ ಕಂಡಿತು.

ಇದರ ಕಾರಣವನ್ನು ಸಂಕ್ಷೇಪವಾಗಿ ಹೇಳುವೆನು. ಕಲ್ಲಿದ್ದಲು, ಪೆಟ್ರೋಲು ಮೊದಲಾದವುಗಳ ದಹನದಿಂದ ವಾಯುಮಂಡಲದಲ್ಲಿ ಇಂಗಾಲಾಮ್ಲ ವಾಯುವು ಹೆಚ್ಚಿ ಭೂಮಿಯೂ ಸಮುದ್ರವೂ ಕಾಯುತ್ತಲಿವೆ. ಗಾಳಿಯ ಉಷ್ಣವು ಒಂದು ಡಿಗ್ರಿ ಸೆಂಟಿಗ್ರೇಡು ಏರಿದರೆ ಅದು ಸುಮಾರು ನೂರಕ್ಕೆ 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲದು. ಆ ಆವಿಯು ಕೆಲವೇ ದಿನಗಳಲ್ಲಿ ಧಾರೆಯಾಗಿ ಸುರಿದಾಗ ನೆಲವು ಅದನ್ನು ಕುಡಿಯಲಾರದು. ನೀರು ತೋಡು ಹಿಡಿದು ಕಡಲಿಗೆ ಸೇರಿಹೋಗುವುದು.

ಭಾರತ ಸರ್ಕಾರದವರು 2008ರ ಜೂನ್ 30ರಂದು ಹವಾಗುಣದ ಮಾರ್ಪಾಡನ್ನು ಎದುರಿಸುವ ರಾಷ್ಟ್ರೀಯ ಕಾರ್ಯಯೋಜನೆಯನ್ನು ಪ್ರಕಟಿಸಿ, ಅದರಲ್ಲಿ ಎಂಟು ಅಭಿಯಾನಗಳನ್ನು ಗೊತ್ತುಮಾಡಿದರು. 2070ನೆಯ ಇಸವಿಯೊಳಗೆ ದೇಶವು ಹೊರಬಿಡುವ ಇಂಗಾಲಾಮ್ಲಾದಿ ವಾಯುಗಳನ್ನೂ ಹೀರಿಕೊಳ್ಳುವ ವಾಯುಗಳನ್ನೂ ಸರಿದೂಗಿಸುವುದಾಗಿ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಲಾಯಿತು. ಸೌರಶಕ್ತಿ, ಹಿಮಾಲಯದ ರಕ್ಷಣೆ ಮುಂತಾದ ಅಭಿಯಾನಗಳು ಹಾಗಿರಲಿ. ಎಂಟರಲ್ಲಿ ನೀರು, ಕಾಡು, ಸಾಗುವಳಿ ಎಂಬ ಮೂರು ನಮ್ಮ ಜಮೀನಿನ ಗಡಿಯೊಳಗೇ ನಡೆಯತಕ್ಕವು. ದೆಹಲಿಯ ಯೋಜನೆ ಎಷ್ಟು ದೊಡ್ಡದಾದರೂ ತೋಡಿಗೆ ಹಲಗೆ ಇಳಿಸುವವರು ಊರಿನವರೇ ಆಗಬೇಕು.

ಮುಂಚೆ ಬೈಲಿನ ಒಕ್ಕಲುಗಳೆಲ್ಲ ಕೂಡಿ, ಏಣೆಲು ಕೊಯ್ಲು ಮುಗಿಯುತ್ತಲೇ ಕಲ್ಲು, ಮಣ್ಣು, ಸೊಪ್ಪು, ಅಡಕೆ ಮರಗಳಿಂದ ತೋಡಿಗೆ ಕಟ್ಟ ಹಾಕುತ್ತಿದ್ದರು. ಸುಗ್ಗಿ ಬೆಳೆಗೂ ತೋಟಕ್ಕೂ ಅದೇ ಆಧಾರ. ಕೆಳಗಿನ ಬಾವಿಗಳಲ್ಲಿಯೂ ನೀರು ನಿಲ್ಲುತ್ತಿತ್ತು. ನಮ್ಮ ಮುರಕಲ್ಲಿನ ನೆಲವು ಜಾಳಾದುದು. ನೀರನ್ನು ಬೇಗ ಕುಡಿಯುವಂತೆ ಬೇಗ ಬಿಟ್ಟೂಬಿಡುವುದು. ಆದಕಾರಣ ತೋಡಿನಲ್ಲಿ ನೀರು ನಿಂತಷ್ಟು ದಿನ ಬಾವಿಗೂ ಆಯುಷ್ಯ. ಈಗ ಸರ್ಕಾರದವರು ಅನೇಕ ಕಡೆ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿಸಿಕೊಟ್ಟಿದ್ದಾರೆ. ಆದರೆ ಕಟ್ಟವು ಸರ್ಕಾರದ್ದಾದೊಡನೆ ಹಲಗೆಯ ಚಿಂತೆಯೂ ಸರ್ಕಾರದ್ದೆಂಬ ಭಾವನೆ ಬೇರೂರಿರುವುದು ವಿಷಾದಕರ. ಜನವರಿಯಲ್ಲಿ ಹಲಗೆಯಿಲ್ಲದ ಕಿಂಡಿಗಳಲ್ಲಿ ನೀರು ಹರಿದುಹೋಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಗ್ರಾಮಗಳಲ್ಲಿ ನೋಡಿರುತ್ತೇನೆ. ಹಿಂಗಾರು ಮಳೆ ನಿಂತೊಡನೆ, ತೋಡಿನಲ್ಲಿ ಹರಿವು ಇನ್ನೂ ಚೆನ್ನಾಗಿರುವಾಗಲೇ ಕಂಬಗಳ ಜಾಡಿನಲ್ಲಿ ಎರಡು ಸಾಲು ಹಲಗೆಗಳನ್ನು ಇಳಿಸಿ, ನಡುವೆ ಜಿಗುಟು ಮಣ್ಣನ್ನು ತುಳಿದು ತುಂಬತಕ್ಕದ್ದು. ಮೇ ತಿಂಗಳ ಕೊನೆಯೊಳಗೆ ತಪ್ಪದೆ ಹಲಗೆ ತೆಗೆಯತಕ್ಕದ್ದು. ತಡವಾದರೆ ಮೊದಲ ನೆರೆಯು ದಂಡೆಯನ್ನು ಕೊರೆದು ಪಕ್ಕದ ತೋಟವನ್ನೇ ಒಯ್ಯುವುದು.

ಕಾಪು ಕಡೆಯ ಕಡಲಂಚಿನ ಗ್ರಾಮಗಳಲ್ಲಿ ಈ ಕೆಲಸಕ್ಕೆ ಇನ್ನೊಂದು ಮಹತ್ವವಿದೆ. ತೋಡಿನ ಹರಿವು ಇಳಿದಂತೆ ಭರತದೊಡನೆ ಉಪ್ಪುನೀರು ಒಳನುಗ್ಗುವುದು. ಸಮುದ್ರದ ಮಟ್ಟ ಏರಿದಷ್ಟೂ ಅದು ಮತ್ತಷ್ಟು ಮೇಲಕ್ಕೆ ಬರುವುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳದ ಹೆಸರೂ ಬೆಲೆಯೂ ಕಡಲಂಚಿನ ಆ ಒಂದು ಊರಿನ ಮಣ್ಣಿಗೆ ಕಟ್ಟುಬಿದ್ದಿರುವಾಗ ಅಲ್ಲಿನ ರೈತರು ಬೇರೆಲ್ಲಿಗೆ ಹೋಗುವರು? ಭತ್ತಕ್ಕಾದರೋ ಎಳೆ ಸಸಿಯ ಮತ್ತು ಹೂಬಿಡುವ ಕಾಲದಲ್ಲಿ ಉಪ್ಪು ಬಹಳ ಕೆಡುಕು. ಇಲ್ಲಿ ಸಿಹಿನೀರು ಹರಿಯುತ್ತಿರುವಾಗಲೇ ಹಲಗೆ ಹಾಕಬೇಕು. ತಡಮಾಡಿದರೆ ಉಪ್ಪನ್ನು ಒಳಗಿಟ್ಟು ಬಾಗಿಲು ಮುಚ್ಚಿದಂತಾದೀತು. ಹಲಗೆಯ ಎತ್ತರವು ಅಮಾವಾಸ್ಯೆ ಹುಣ್ಣಿಮೆಗಳ ಭರತವನ್ನು ಮೀರಿರಬೇಕು. ಅಳಿವೆಯ ದಂಡೆಯ ಕಾಂಡ್ಲಾ ಗಿಡಗಳನ್ನು ಸೌದೆಗೆ ಕಡಿಯಗೊಡಬಾರದು. ಅಲೆಗಳ ಹೊಡೆತವನ್ನು ತಗ್ಗಿಸಿ ದಂಡೆಯ ಮಣ್ಣನ್ನು ಹಿಡಿಯುವ ಗಿಡಗಳು ಅವು. ಇವುಗಳನ್ನು ಬೆಳೆಸುವುದಕ್ಕೆಂದೇ ಕೇಂದ್ರ ಸರ್ಕಾರದವರು 2023ರಲ್ಲಿ ‘ಮಿಷ್ಟಿ’ ಎಂಬ ಯೋಜನೆಯನ್ನು ಆರಂಭಿಸಿರುತ್ತಾರೆ.

ಕೆಳಗಿನ ಕಟ್ಟಕ್ಕೆ ಬೇಸಗೆಯಲ್ಲಿ ನೀರು ಬರಬೇಕಾದರೆ ಮೇಲೆ, ಕಾರ್ಕಳದ ಕಡೆಯ ಗುಡ್ಡೆಗಳಲ್ಲಿ, ಮರವಿರಬೇಕು. ಕುಮ್ಕಿಯ ವಿಚಾರವನ್ನು ವರ್ಗದಾರರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಕದೀಂ ವರ್ಗ ಜಮೀನಿನಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಮೇವು, ಸಾಗುವಳಿಗೆ ಬೇಕಾದ ಮರ ಪಡೆಯುವ ಈ ಸವಲತ್ತನ್ನು 1964ರ ಭೂಕಂದಾಯ ಕಾಯಿದೆಯ 79ನೆಯ ಕಲಮು ಉಳಿಸಿದೆ. ಸೊಪ್ಪಿಗಾಗಿ ಕೊಟ್ಟ ಹಾಡಿಯನ್ನು ಕೆಲವರು ಬೋಳಿಸಿ ರಬ್ಬರು ಹಾಕಿರುವರು. ರಬ್ಬರಿಗೆ ಬೆಲೆ ಬಂದ ವರ್ಷ ಅದು ಲಾಭವೆಂದೇ ತೋರುವುದು. ಗದ್ದೆಗೆ ಸೊಪ್ಪಿಲ್ಲದ ನಷ್ಟವನ್ನೂ ತೋಡು ಬೇಗ ಒಣಗುವ ನಷ್ಟವನ್ನೂ ಯಾರೂ ಪುಸ್ತಕದಲ್ಲಿ ಬರೆದಿಡುವುದಿಲ್ಲ.

ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಬಗ್ಗೆ ಗ್ರಾಮಗಳಲ್ಲಿ ಬಹಳ ಭೀತಿ ಹಬ್ಬಿದೆ. 2024ರ ಜುಲೈ 31ರಂದು ಕೇಂದ್ರ ಸರ್ಕಾರದವರು ಹೊರಡಿಸಿದ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರು ಸೇರಿದ್ದು, ರಾಜ್ಯ ಸಚಿವಸಂಪುಟವು ಅದೇ ವರ್ಷ ಸೆಪ್ಟೆಂಬರಿನಲ್ಲಿ ಇದಕ್ಕೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕರಡಿನ ನಿಷೇಧವು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಭಾರಿ ಕಟ್ಟಡಗಳ ಮೇಲೆ. ಭತ್ತ, ಅಡಕೆಗಳ ಸಾಗುವಳಿಯ ಮೇಲಲ್ಲ. ಪರವಾಗಲಿ ವಿರೋಧವಾಗಲಿ, ಕರಡನ್ನು ಓದಿಸಿ ಕೇಳಿದ ಮೇಲೆ ಗ್ರಾಮಸಭೆಯಲ್ಲಿ ಅಭಿಪ್ರಾಯ ಹೇಳುವುದು ಲೇಸು.

ಹಡಿಲು ಬಿದ್ದ ಗದ್ದೆಯೂ ಈ ಲೆಕ್ಕಕ್ಕೇ ಸೇರತಕ್ಕದ್ದು. ಅಂಚು ಗಟ್ಟಿಯಾಗಿರುವ ಗದ್ದೆಯು ಮಳೆಗಾಲವೆಲ್ಲ ಕೆರೆಯಂತೆ ನೀರನ್ನು ಇಂಗಿಸುವುದು. ಅಂಚು ಒಡೆದ ಹಡಿಲು ಅದನ್ನು ಮಾಡದು. 2021ರಲ್ಲಿ ಉಡುಪಿಯಲ್ಲಿ ನಡೆದ ಹಡಿಲು ಭೂಮಿ ಕೃಷಿ ಆಂದೋಲನವು ಆ ಕಾರಣದಿಂದಲೂ ಶ್ಲಾಘ್ಯವಾಗಿದೆ. ನೆರೆ ನಿಲ್ಲುವ ಬೈಲುಗಳಿಗೆ ಬ್ರಹ್ಮಾವರದ ಸಂಶೋಧನಾ ಕೇಂದ್ರದವರ ಸಹ್ಯಾದ್ರಿ ಪಂಚಮುಖಿ ಎಂಬ ಕೆಂಪಕ್ಕಿಯ ತಳಿಯು ಯೋಗ್ಯವಾದುದು. ಬೇಕಾದವರು ಬಿತ್ತನೆಗೆ ಮುಂಚಿತವಾಗಿ ಆ ಕೇಂದ್ರದಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

ಗ್ರಾಮದ ಮುಖ್ಯಸ್ಥರು ಈ ತಿಂಗಳೊಳಗೆ ತಮ್ಮ ಕಿಂಡಿ ಅಣೆಕಟ್ಟುಗಳ ಹಲಗೆಗಳನ್ನು ಎಣಿಸಿ, ಒಡೆದವು ಎಷ್ಟು, ಕಾಣೆಯಾದವು ಎಷ್ಟು ಎಂಬ ಪಟ್ಟಿಯನ್ನು ಪಂಚಾಯತಿಯ ಮೂಲಕ ಸಣ್ಣ ನೀರಾವರಿ ಇಲಾಖೆಗೆ ಬರೆದು ಕಳುಹಿಸುವುದು. ಹಲಗೆ ಇಡುವ ಕೊಟ್ಟಿಗೆಯ ಬೀಗದ ಕೈ ಯಾರ ವಶದಲ್ಲಿದೆಯೆಂಬುದನ್ನೂ ಅದರಲ್ಲಿ ಕಾಣಿಸುವುದು.